ಖಾಲಿ ಬಿಟ್ಟ ಟಿಕೆಟ್ ದರ

ಬೆಂಗಳೂರಿನ ಹಸಿರು ಮಾರ್ಗದ ಮೆಟ್ರೊ 2024ರ ನವೆಂಬರ್‌ನಲ್ಲಿ ಮಾದಾವರ ಮುಟ್ಟಿತು. ಅಲ್ಲಿಂದ ತುಮಕೂರಿಗೆ ಎಳೆಯುವ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ತುಮಕೂರಿನ ಕೆಎಸ್‌ಆರ್‌ಟಿಸಿ ಬಸ್ ಸ್ಟ್ಯಾಂಡಿನಲ್ಲಿ ಮಾಡಿದ ಒಂದು ಓ.ಡಿ. (ಆರಿಜಿನ್-ಡೆಸ್ಟಿನೇಶನ್) ಸರ್ವೆ. ಅಂದರೆ ಯಾರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿ ಬರೆದುಕೊಳ್ಳುವುದು. ನಾನು ಸೂಪರ್‌ವೈಸರ್. ಆರು ಹುಡುಗರು, ಆರು ಟ್ಯಾಬ್.

ಮೊದಲ ದಿನ ಬೆಳಗ್ಗೆಯೇ ಒಬ್ಬ ಓಡಿಬಂದ. "ಸರ್, ಟಿಕೆಟ್ ದರ ಸೊನ್ನೆ ಹಾಕಿದ್ರೆ ತಗೊಳ್ತಿಲ್ಲ." ನಿಜ, ಕಾಲಂ ಕೆಂಪಾಗಿ 'ಸರಿಯಾದ ಮೊತ್ತ ನಮೂದಿಸಿ' ಎನ್ನುತ್ತಿತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಫ್ರೀ. ಆ್ಯಪ್ ಮಾಡಿದವರಿಗೆ ಅದು ಹೊಳೆದೇ ಇರಲಿಲ್ಲ. ಆಫೀಸಿಗೆ ಫೋನ್ ಮಾಡಿದರೆ "ನೋಡ್ತೀವಿ" ಅಂದರು. ಬಸ್ಸುಗಳು ಹೊರಡುತ್ತಿದ್ದವು. "ಖಾಲಿ ಬಿಟ್ಟು ಮುಂದಕ್ಕೆ ಹೋಗ್ರೋ" ಅಂದುಬಿಟ್ಟೆ.

ಅವತ್ತು ನಾನೂ ಒಂದು ಫಾರಂ ತುಂಬಿದೆ. ಪೀಣ್ಯದ ಫ್ಯಾಕ್ಟರಿಗೆ ಹೋಗುವ ಅಕ್ಕ, ಊಟದ ಡಬ್ಬಿಯ ಚೀಲ ಕಂಕುಳಲ್ಲಿ ಅವುಚಿಕೊಂಡು ನಿಂತೇ ಉತ್ತರ ಹೇಳಿದರು. "ಬಸ್ಸಿಗೇನೋ ಕಾಸಿಲ್ಲ ಕಣಪ್ಪ. ಆದ್ರೆ ಸಂಜೆ ನೆಲಮಂಗಲದ ತಾವ ನಿಂತಲ್ಲೇ ನಿಂತಿರ್ತದೆ. ಮಗು ಮಲಗೋದ್ರೊಳಗೆ ಮನೆ ಸೇರೋ ಹಂಗಿದ್ರೆ ನಲವತ್ತು ರೂಪಾಯಿ ಬೇಕಾದ್ರೂ ಕೊಡ್ತೀನಿ."

ಹದಿನೈದು ದಿನಕ್ಕೆ ರಿವ್ಯೂ ಮೀಟಿಂಗ್. ಸರ್ವೆ ಅಂಕಿಗಳಿಂದ ಮುಂದೆ ಎಷ್ಟು ಜನ ಓಡಾಡಬಹುದು ಎಂದು ಲೆಕ್ಕ ಹಾಕುವ ಮೇಡಂ ಪರದೆ ನೋಡುತ್ತಾ ಕೇಳಿದರು: "ತುಮಕೂರಿನ ಹೆಂಗಸರು ಓಡಾಡೋದೇ ಇಲ್ವಾ?" ಯಾರೂ ಉಸಿರೆತ್ತಲಿಲ್ಲ. ದರ ಖಾಲಿಯಿದ್ದ ಫಾರಂಗಳೆಲ್ಲ ಡೇಟಾ ಕ್ಲೀನಿಂಗ್‌ನಲ್ಲಿ ಇನ್‌ವ್ಯಾಲಿಡ್ ಆಗಿ ಹಾರಿಹೋಗಿದ್ದವು. ನನಗೆ ತಕ್ಷಣ ಗೊತ್ತಾಯಿತು. ಬೆನ್ನಲ್ಲಿ ಬೆವರು ಇಳಿಯುತ್ತಿತ್ತು, ಬಾಯಿ ಏಳಲಿಲ್ಲ. ಅಷ್ಟರಲ್ಲಿ ಮ್ಯಾನೇಜರ್ "ಹುಡುಗರು ಸರಿಯಾಗಿ ತುಂಬಿಲ್ಲ ಮೇಡಂ" ಅಂದಾಗಿತ್ತು. ಖಾಲಿ ಬಿಡಲು ಹೇಳಿದ್ದು ನಾನು ಎಂದು ಒಪ್ಪಿಕೊಳ್ಳುವ ಹೊತ್ತಿಗೆ ಎರಡು ನಿಮಿಷ ಕಳೆದಿತ್ತು. ಆ ಎರಡು ನಿಮಿಷ ಇವತ್ತಿಗೂ ಚುಚ್ಚುತ್ತದೆ.

2017ರ ಮೆಟ್ರೊ ರೈಲು ನೀತಿಯಲ್ಲಿ ಇಐಆರ್‌ಆರ್, ಅಂದರೆ ಹಾಕಿದ ದುಡ್ಡಿಗೆ ಇಡೀ ಸಮಾಜಕ್ಕೆ ಸಿಗುವ ಲಾಭದ ದರ, ಕನಿಷ್ಠ ಶೇ 14 ಬರಬೇಕು. ಕೇಂದ್ರದ ದುಡ್ಡು ಬರಬೇಕಾದರೆ ಈ ಲೆಕ್ಕ ಪಾಸಾಗಬೇಕು. ಅದರಲ್ಲಿ ಜನರಿಗೆ ಉಳಿಯುವ ಹೊತ್ತಿಗೂ ಬೆಲೆ ಕಟ್ಟುತ್ತಾರೆ. ನೆಲಮಂಗಲದಲ್ಲಿ ದಿನಾ ಹೊತ್ತು ಕಳೆದುಕೊಳ್ಳುವವರನ್ನೇ ನಾನು ಲೆಕ್ಕದಿಂದ ಹೊರಗೆ ಹಾಕಿದ್ದೆ.

ಮೂರು ಮೇಲ್ ಹಾಕಿದ ಮೇಲೆ ಆ್ಯಪ್ ಸೊನ್ನೆ ತೆಗೆದುಕೊಂಡಿತು. ಈಗ ಒಂದು ಕಾಲಂ ಖಾಲಿಯಿದ್ದರೂ ನಾನು ಅಪ್‌ಲೋಡ್ ಮಾಡಲು ಬಿಡುವುದಿಲ್ಲ. ಮತ್ತೆ ಸರ್ವೆಗೆ ನಿಂತ ಎರಡನೇ ದಿನ ಅದೇ ಅಕ್ಕ ಸಿಕ್ಕರು. ಟ್ಯಾಬ್ ನೋಡಿ ನಿಂತರು.

"ಅವತ್ತೇ ಎಲ್ಲಾ ಹೇಳಿದ್ನಲ್ಲಪ್ಪ, ಬರ್ಕೊಂಡಿಲ್ವಾ?"