ಜಪಾನಿನ ‘ಅತ್ಯುನ್ನತ’ ಗೌರವ ಯಾವುದು?

ವಿಜ್ಞಾನಿ ಸಿ.ಎನ್.ಆರ್. ರಾವ್ ಅವರಿಗೆ 2015ರಲ್ಲಿ ಜಪಾನಿನ ‘ಉದಯಸೂರ್ಯ’ ಗೌರವ ಬಂದಾಗ ನಮ್ಮ ಪತ್ರಿಕೆಗಳು ಅದನ್ನು ಆ ದೇಶದ ಅತ್ಯುನ್ನತ ನಾಗರಿಕ ಪ್ರಶಸ್ತಿ ಎಂದು ಬರೆದವು. ದೊಡ್ಡ ಗೌರವವೇ, ಆದರೆ ತುದಿಯದಲ್ಲ. ಅವರಿಗೆ ಸಂದದ್ದು ಉದಯಸೂರ್ಯದ ಎರಡನೇ ಮೆಟ್ಟಿಲು. ಮೊದಲನೆಯದಾದ ‘ಗ್ರ್ಯಾಂಡ್ ಕಾರ್ಡನ್’ (ಹೆಗಲಿಂದ ಇಳಿಬಿಡುವ ಅಗಲ ಪಟ್ಟಿ) 2012ರಲ್ಲಿ ರತನ್ ಟಾಟಾ ಅವರಿಗೆ ಸಿಕ್ಕಿತ್ತು. ಅದರ ಮೇಲಿನದು ಪೌಲೋನಿಯಾ ಹೂವಿನದು; 2014ರಲ್ಲಿ ಮನಮೋಹನ್ ಸಿಂಗ್ ಅವರಿಗೆ ಕೊಟ್ಟದ್ದು ಅದನ್ನೇ. ಎಲ್ಲಕ್ಕೂ ಮೇಲೆ ಸೇವಂತಿಗೆ. ಅದರ ಕಂಠಹಾರ ಹೆಚ್ಚಾಗಿ ವಿದೇಶಿ ರಾಷ್ಟ್ರಮುಖ್ಯಸ್ಥರಿಗೆ ಹೋಗುತ್ತದೆ. ಅಲ್ಲಿನ ಮಾಜಿ ಪ್ರಧಾನಿ ಶಿಂಜೊ ಅಬೆಗೆ ಸಿಕ್ಕಿದ್ದೂ ತೀರಿಹೋದ ಮೇಲೆ, 2022ರಲ್ಲಿ.

ಗೌರವ ಪಡೆದವರ ಹೆಸರುಗಳ ಪಟ್ಟಿ ಹೊರಬೀಳುವುದು ವರ್ಷಕ್ಕೆರಡು ಸಲ: ಏಪ್ರಿಲ್ 29, ನವೆಂಬರ್ 3. ಅಂದರೆ ಉಡುಪಿ, ಮಂಗಳೂರಿನ ಸರ್ಕಲ್‌ಗಳಲ್ಲಿ ರಾಜ್ಯೋತ್ಸವ ಪ್ರಶಸ್ತಿಯ ಫ್ಲೆಕ್ಸ್ ಇನ್ನೂ ಹೊಸದಾಗಿರುವಾಗಲೇ ಅಲ್ಲಿನ ಶರತ್ಕಾಲದ ಪಟ್ಟಿ. ಸಾಮಾನ್ಯವಾಗಿ 70 ದಾಟಿರಬೇಕು. ಪೊಲೀಸ್, ಅಗ್ನಿಶಾಮಕದಂಥ ಅಪಾಯದ ಕೆಲಸದವರಿಗೆ 55 ಸಾಕು.

ಕಲೆ, ವಿಜ್ಞಾನದವರಿಗೆ 1937ರಿಂದ ಇರುವ ಸಂಸ್ಕೃತಿ ಪದಕವೇ ಬೇರೆ. ತಾಚಿಬಾನಾ ಎಂಬ ಕಿತ್ತಳೆ ಜಾತಿಯ ಗಿಡದ ಐದೆಸಳಿನ ಬಿಳಿ ಹೂವು, ತಿಳಿನೇರಳೆ ರಿಬ್ಬನ್, ಕೊರಳಿಗೆ ಹಾಕುವಂಥದ್ದು. ಇದರ ಜೊತೆ ಚಿಕ್ಕಾಸೂ ಇಲ್ಲ, ಗೌರವಕ್ಕೆ ಸವಲತ್ತು ಅಂಟಿಕೊಳ್ಳಬಾರದೆಂದು ಸಂವಿಧಾನದ 14ನೇ ವಿಧಿ ಹೇಳುತ್ತದೆ. ಅದಕ್ಕೊಂದು ಜಾಣ ದಾರಿಯಿದೆ: ‘ಸಾಂಸ್ಕೃತಿಕ ಸಾಧಕ’ ಎಂಬ ಪ್ರತ್ಯೇಕ ಮನ್ನಣೆ, ಅದಕ್ಕೆ ವರ್ಷಕ್ಕೆ 35 ಲಕ್ಷ ಯೆನ್ ಪಿಂಚಣಿ.