ಮೆಗಾಬ್ಲಾಕ್ ದಿನದ ಇಂಗ್ಲಿಷ್ ಕ್ಲಾಸು

ಮುಂಬೈಗೆ ಬಂದು ನಾಲ್ಕು ವರ್ಷ ಕಳೆದ ಕನ್ನಡಿಗರಿಗೆ ಇಂಗ್ಲಿಷ್ ಒಂದಿಷ್ಟು ಬಂದೇ ಬರುತ್ತದೆ. ಹೋಟೆಲ್ ಕೌಂಟರಿನಲ್ಲಿ ಕೂತವರು, ಅಂಗಡಿ ನಡೆಸುವವರು, ಆಫೀಸಿನಲ್ಲಿ ಸಣ್ಣಪುಟ್ಟ ಕೆಲಸ ಮಾಡುವವರು, ಎಲ್ಲರೂ ಮಾತಾಡುತ್ತಾರೆ. ಕೆಲಸವೂ ನಡೆಯುತ್ತದೆ. ಆದರೆ ನಾಲ್ಕು ಸಾಲು ಬರೆಯಿರಿ ಅಂದರೆ, ಈ ನೋಟಿಸ್ ಓದಿ ಏನಂತ ಹೇಳಿ ಅಂದರೆ ಸುಮ್ಮನಾಗಿಬಿಡುತ್ತಾರೆ. ನಾನು ಭಾನುವಾರ ಬೆಳಿಗ್ಗೆ ಪಾಠ ಮಾಡುವುದು ಇಂಥವರಿಗೇ. ಭಾಷೆ ಎಷ್ಟು ಬರುತ್ತದೆ ಅಂತ ಅಳೆಯಲು 2001ರಲ್ಲಿ ಬಂದ ಯುರೋಪಿನ ಮಾಪನದಲ್ಲಿ ಎ1ರಿಂದ ಸಿ2ವರೆಗೆ ಆರು ಹಂತಗಳಿವೆ, ಅದರ ಪ್ರಕಾರ ನಮ್ಮವರು ಬಿ1, ಅಂದರೆ ಮೂರನೇ ಹಂತದ ಆಸುಪಾಸಿನವರು. ಎಬಿಸಿಡಿಯಿಂದ ಶುರು ಮಾಡುವವರಿಗೆ ಪುಸ್ತಕಗಳು ಬೇಕಾದಷ್ಟಿವೆ, ವಿದೇಶಕ್ಕೆ ಹೋಗುವವರಿಗೆ ಕೋಚಿಂಗ್ ಇದೆ. ನಡುವೆ ನಿಂತವರ ಕಡೆ ಯಾರೂ ನೋಡುವುದಿಲ್ಲ, ಅದೇ ನನಗೆ ಬೇಜಾರು.

ನಮ್ಮ ಕ್ಲಾಸು ಮಾಟುಂಗದಲ್ಲಿ, ಪರಿಚಯದವರ ಟ್ಯೂಷನ್ ಕೋಣೆಯಲ್ಲಿ. ಈಗ ಹೇಳುತ್ತಿರುವ ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್ ಇತ್ತು. ಹಳಿ, ಸಿಗ್ನಲ್, ಮೇಲಿನ ತಂತಿ ರಿಪೇರಿಗೆ ಅಂತ ರೈಲ್ವೆಯವರು ಭಾನುವಾರ ಕೆಲವು ಗಂಟೆ ಒಂದಷ್ಟು ದೂರ ಲೈನ್ ಬಂದ್ ಮಾಡುತ್ತಾರೆ, ಮುಂಬೈಯವರಿಗೆ ಇದು ಹೊಸದಲ್ಲ. ಬ್ಲಾಕ್ ಶುರುವಾಗುವ ಮೊದಲೇ ಎಲ್ಲರೂ ಬಂದು ಸೇರಿದ್ದರು. ಕಾಂಜೂರ್‌ಮಾರ್ಗದಿಂದ ಬರುವ ಒಬ್ಬರು ಕ್ಯಾಶಿಯರ್ ಇದ್ದಾರೆ, ಕುಂದಾಪುರ ಕಡೆಯವರು, ಹುಡುಗನಾಗಿದ್ದಾಗ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಹತ್ತನೇ ಕ್ಲಾಸ್ ಮುಗಿಸಿದವರು. ಅವರು ಕೂತ ಕೂಡಲೇ ರೈಲ್ವೆಯ ನೋಟಿಸ್ ಇದ್ದ ಫೋನ್ ಮುಂದೆ ಹಿಡಿದರು.

‘ಟೀಚರೇ, ವಾಪಸ್ ಹೋಪುಕೆ ಗಾಡಿ ಇತ್ತಾ? ಇದ್ರಲ್ ಎಂತ ಬರ್ದಿದ್ರ್ ಕಾಣಿ.’

ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಗಬೇಕು? ಆ ಸಾಲನ್ನೇ ಬೋರ್ಡಿನ ಮೇಲೆ ಬರೆದೆ. ಹೀಗಿತ್ತು: ‘ಡೌನ್ ಸ್ಲೋ ಸರ್ವಿಸಸ್ ಲೀವಿಂಗ್ ಸಿಎಸ್‌ಎಂಟಿ ವಿಲ್ ಬಿ ಡೈವರ್ಟೆಡ್ ಆನ್ ಡೌನ್ ಫಾಸ್ಟ್ ಲೈನ್ ಬಿಟ್ವೀನ್ ಮಾಟುಂಗ ಅಂಡ್ ಮುಲುಂಡ್, ಹಾಲ್ಟಿಂಗ್ ಅಟ್ ಸಯನ್, ಕುರ್ಲಾ, ಘಾಟ್ಕೋಪರ್, ವಿಕ್ರೋಳಿ, ಭಾಂಡುಪ್ ಅಂಡ್ ಮುಲುಂಡ್ ಸ್ಟೇಷನ್ಸ್.’ ಸಿಎಸ್‌ಎಂಟಿ ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಅಲ್ಲಿಂದ ಹೊರಗೆ ಹೋಗುವ ದಿಕ್ಕು ಡೌನ್. ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವುದು ಸ್ಲೋ ಗಾಡಿ, ಕೆಲವೇ ಕಡೆ ನಿಲ್ಲುವುದು ಫಾಸ್ಟ್.

ಒಬ್ಬೊಬ್ಬರೇ ಓದಿದರು. ಉಚ್ಚಾರಕ್ಕೆ ಏನೂ ಕಷ್ಟ ಇಲ್ಲ. ‘ಡೈವರ್ಟೆಡ್’ ಒಂದು ಹೊಸದು ಅನಿಸಿತು, ಅಷ್ಟರಲ್ಲಿ ಬ್ಲೌಸ್ ಹೊಲಿಯುವ ವಿಜಯಪುರದ ಅಕ್ಕ, ‘ರಸ್ತೇದಾಗ ಡೈವರ್ಷನ್ ಅಂತ ಬೋರ್ಡ್ ಹಚ್ಚಿರ್ತಾರಲ್ರೀ ಮೇಡಂ, ಅದಽ ಅಲ್ಲೇನ್ರೀ?’ ಅಂದರು. ಅಂದರೆ ಶಬ್ದಗಳೆಲ್ಲ ಗೊತ್ತು. ಆದರೂ ಅರ್ಥ ಹೇಳಿ ಅಂದಾಗ ಕ್ಯಾಶಿಯರ್ ಅಣ್ಣ, ‘ಸ್ಲೋ ಗಾಡಿಗಳು ಸಿಎಸ್‌ಎಂಟಿ ಬಿಡುತ್ತಿವೆ’ ಅಂತ ಶುರು ಮಾಡಿ, ‘ವಿಲ್ ಬಿ’ ಹತ್ತಿರ ಬಂದು ನಿಂತರು. ವಾಕ್ಯ ಮುಗಿಯಿತು ಅಂದುಕೊಂಡ ಜಾಗದಲ್ಲಿ ಇನ್ನೊಂದು ಕ್ರಿಯಾಪದ ಬಂತು.

ಮಧ್ಯಮ ಹಂತದವರ ಕಷ್ಟ ಇರುವುದು ಸರಿಯಾಗಿ ಇಲ್ಲೇ. ಜನ ಇದನ್ನು ಶಬ್ದಗಳ ಕೊರತೆ ಅಂದುಕೊಂಡು ದಿನಕ್ಕೆ ಹತ್ತು ಹೊಸ ಶಬ್ದ ಬಾಯಿಪಾಠ ಮಾಡಿಸುತ್ತಾರೆ. ನನ್ನ ಪ್ರಕಾರ ಅದರಿಂದ ಓದು ಮುಂದೆ ಹೋಗಲ್ಲ. ಕನ್ನಡದಲ್ಲಿ ನಾವು ‘ಸಿಎಸ್‌ಎಂಟಿಯಿಂದ ಹೊರಡುವ ಗಾಡಿಗಳು’ ಅನ್ನುತ್ತೇವೆ, ಯಾವ ಗಾಡಿ ಅನ್ನುವುದೆಲ್ಲ ಮೊದಲೇ ಬಂದು ಆಮೇಲೆ ಗಾಡಿ ಬರುತ್ತದೆ, ಏನಾಯಿತು ಅನ್ನುವುದು ಎಲ್ಲಕ್ಕಿಂತ ಕೊನೆಗೆ. ಇಂಗ್ಲಿಷಿನಲ್ಲಿ ಗಾಡಿ ಮೊದಲು, ಎಂಥ ಗಾಡಿ ಅನ್ನುವ ವಿವರ ಅದರ ಬೆನ್ನಿಗೆ, ಮುಖ್ಯ ಕ್ರಿಯಾಪದ ಎಲ್ಲೋ ನಡುವೆ. ಹುಟ್ಟಿದಾಗಿನಿಂದ ವಾಕ್ಯದ ಕೊನೆಗೆ ಕಾಯುವ ಅಭ್ಯಾಸ ನಮ್ಮದು, ಅದನ್ನು ಬಿಡಿಸಿ ತೋರಿಸದೆ ‘ಜಾಸ್ತಿ ಓದಿ, ತಾನಾಗಿ ಬರುತ್ತೆ’ ಅಂದರೆ ಬರುವುದಿಲ್ಲ.

ಹಾಗಾಗಿ ಒಂದು ಕೆಲಸ ಹಚ್ಚಿದೆ. ವಿಲ್, ಈಸ್, ಆರ್, ವಾಸ್, ಹ್ಯಾವ್, ಇಂಥ ಸಹಾಯಕ ಪದ ಎಲ್ಲಿದೆ ಹುಡುಕಿ, ಅದರ ಕೆಳಗೆ ಗೆರೆ ಎಳೆಯಿರಿ. ‘ವಿಲ್ ಬಿ ಡೈವರ್ಟೆಡ್’ ಸಿಕ್ಕಿತು. ‘ಲೀವಿಂಗ್’, ‘ಹಾಲ್ಟಿಂಗ್’ ಹಿಂದೆ ಈಸ್ ಆಗಲಿ ಆರ್ ಆಗಲಿ ಇದೆಯಾ? ಇಲ್ಲ. ಹಾಗಾದರೆ ಅವು ಮುಖ್ಯ ಕ್ರಿಯಾಪದ ಆಗಲಾರವು, ಬರೀ ವಿವರ. ಈಗ ಕೇಳಿ, ಯಾವುದು ಡೈವರ್ಟ್ ಆಗುತ್ತೆ? ಸ್ಲೋ ಗಾಡಿ. ಎಲ್ಲಿಂದ ಹೊರಡುವವು? ಎಲ್ಲಿಂದ ಎಲ್ಲಿಯವರೆಗೆ? ಎಲ್ಲೆಲ್ಲಿ ನಿಲ್ಲುತ್ತವೆ? ಪ್ರಶ್ನೆ ಕೇಳುತ್ತಾ ಹೋದ ಹಾಗೆ ಸಾಲು ಬಿಡಿಬಿಡಿಯಾಗಿ ಬಂತು.

ಆಮೇಲೆ ಕೊರಿಯರ್ ಆಫೀಸಿನ ಹುಡುಗ ಒಂದು ಮಾತು ಹೇಳಿದ. ‘ಅಕ್ಕ, ಇದ್ರಲ್ಲಿ ಕಾಂಜೂರ್‌ಮಾರ್ಗ್ ಇಲ್ವಲ್ಲ!’ ಹೌದು, ಇರಲಿಲ್ಲ. ಅದೇ ದಾರಿಯ ವಿದ್ಯಾವಿಹಾರ್ ಇಲ್ಲ, ನಾಹೂರ್ ಕೂಡ ಇಲ್ಲ. ಗಾಡಿ ಅಲ್ಲಿ ನಿಲ್ಲಲ್ಲ ಅಂತ ಆ ಸಾಲಿನಲ್ಲಿ ಎಲ್ಲೂ ಬರೆದಿಲ್ಲ, ಆದರೆ ನಿಲ್ಲುವ ಸ್ಟೇಷನ್ನುಗಳ ಪಟ್ಟಿ ಓದಿ ಅದನ್ನು ನಾವೇ ತಿಳಿದುಕೊಳ್ಳಬೇಕು. ಬರೆದದ್ದರಿಂದ ಬರೆಯದ್ದನ್ನು ತಿಳಿಯುವುದೇ ಓದು, ಅಲ್ವಾ? ಆ ಹುಡುಗ ಅದನ್ನು ತಾನಾಗಿ ಮಾಡಿದ. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಬರವಣಿಗೆಗೆ ಬೇರೆ ವಿಷಯ ಹುಡುಕಬೇಕಾಗಲಿಲ್ಲ. ಬ್ಲಾಕಿನಿಂದ ಕೆಲಸ ತಡವಾಗುತ್ತೆ ಅಂತ ಯಾರಿಗಾದರೂ ಮೆಸೇಜ್ ಬರೆಯಿರಿ ಅಂದೆ. ವಿಜಯಪುರದ ಅಕ್ಕ ಗಿರಾಕಿಗೆ ಬರೆದರು: ‘ಐ ಹ್ಯಾವ್ ಗಿವನ್ ಒನ್ ಬ್ಲೌಸ್ ಯೆಸ್ಟರ್‌ಡೇ.’ ‘ನಿನ್ನೆ ಕೊಟ್ಟಿದ್ದೀನಿ’ ಅನ್ನುವುದು ಕನ್ನಡದಲ್ಲಿ ಅಪ್ಪಟ ಸರಿ, ಅದಕ್ಕೇ ಈ ತಪ್ಪು ನಮ್ಮವರಲ್ಲಿ ಇಷ್ಟು ಜಾಸ್ತಿ. ಇಂಗ್ಲಿಷಿನಲ್ಲಿ ನಿನ್ನೆ, ಹೋದ ವಾರ, 2019ರಲ್ಲಿ ಅಂತ ಮುಗಿದ ಕಾಲ ಹೇಳಿದ ಮೇಲೆ ‘ಹ್ಯಾವ್’ ಬರಬಾರದು. ‘ಐ ಗೇವ್’ ಸಾಕು. ಯಾವಾಗ ಅಂತ ಹೇಳದೆ, ಕೊಟ್ಟಾಗಿದೆ ಅನ್ನುವುದಷ್ಟೇ ಮುಖ್ಯ ಆದಾಗ ‘ಐ ಹ್ಯಾವ್ ಗಿವನ್’. ಅಕ್ಕ ಒಂದು ನಿಮಿಷ ಯೋಚಿಸಿ, ‘ಅಂದ್ರ ತಾರೀಖು ಬಂದ್ರ ಹ್ಯಾವ್ ಹೋತು’ ಅಂದರು. ವ್ಯಾಕರಣ ಪುಸ್ತಕದಲ್ಲಿ ಇಷ್ಟು ಚೆನ್ನಾಗಿ ನಾನು ಓದಿಲ್ಲ. ಹತ್ತಿರದ ಬೆಂಚಿನವರು ಅದನ್ನು ನೋಟ್‌ಬುಕ್ಕಿನಲ್ಲಿ ಹಾಗೇ ಬರೆದುಕೊಂಡರು.

ಖಾಲಿ ಜಾಗ ತುಂಬಿಸುವ ಅಭ್ಯಾಸ ಕೊಟ್ಟರೆ ಇವರೆಲ್ಲ ಸರಿಯಾಗಿಯೇ ತುಂಬುತ್ತಾರೆ, ಸ್ವಂತ ಸಾಲು ಬರೆಯುವಾಗ ಮತ್ತೆ ಅದೇ ತಪ್ಪು. ಆದ್ದರಿಂದ ಅವರು ಬರೆದದ್ದರಿಂದಲೇ ವ್ಯಾಕರಣ ತೆಗೆಯುತ್ತೇನೆ, ಅದೂ ಒಂದು ಸಲಕ್ಕೆ ಒಂದೇ. ಹಾಳೆ ತುಂಬ ಕೆಂಪು ಗೆರೆ ಎಳೆದುಕೊಟ್ಟರೆ ದಿನವಿಡೀ ದುಡಿದು ಬಂದ ಮನುಷ್ಯ ಮುಂದಿನ ವಾರ ಪೆನ್ನು ಮುಟ್ಟಲ್ಲ.

ಕ್ಯಾಶಿಯರ್ ಅಣ್ಣ ಬರೆದದ್ದು ಹೋಟೆಲಿನ ಹುಡುಗರ ಗ್ರೂಪಿಗೆ. ರೈಲ್ವೆಯ ಆ ಉದ್ದ ಸಾಲನ್ನು ಮೂರು ಸಣ್ಣ ಇಂಗ್ಲಿಷ್ ವಾಕ್ಯ ಮಾಡಿದ್ದರು: ಸ್ಲೋ ಗಾಡಿಗಳು ಫಾಸ್ಟ್ ಲೈನಿನಲ್ಲಿ ಹೋಗುತ್ತವೆ, ವಿದ್ಯಾವಿಹಾರ್, ಕಾಂಜೂರ್‌ಮಾರ್ಗ್, ನಾಹೂರಿನಲ್ಲಿ ನಿಲ್ಲಲ್ಲ, ವಿಕ್ರೋಳಿ ಅಥವಾ ಭಾಂಡುಪಿನಲ್ಲಿ ಇಳಿದು ರಿಕ್ಷಾ ಹಿಡಿಯಿರಿ. ಒಂದೆರಡು ಕಡೆ ‘ದಿ’ ಬಿಟ್ಟಿದ್ದರು. ಅದನ್ನು ಮುಂದಿನ ಭಾನುವಾರ ನೋಡೋಣ ಅಂದೆ. ಅವರು ಅಲ್ಲೇ ಎಲ್ಲರೆದುರು ಮೆಸೇಜ್ ಕಳಿಸಿದರು, ಕ್ಲಾಸು ಬಿಡುವಷ್ಟರಲ್ಲಿ ಇಬ್ಬರು ಹುಡುಗರು ಓದಿ ‘ಓಕೆ ಅಣ್ಣ’ ಅಂತ ಉತ್ತರ ಹಾಕಿದ್ದರು.