ನೀಲ್ ದ್ವೀಪದ ಇಳಿತದ ನಡಿಗೆ: ಟಿಕೆಟ್‌ಗೆ ಮೊದಲು ಕ್ಯಾಲೆಂಡರ್ ನೋಡಿ

ಅಂಡಮಾನ್‌ಗೆ ಹೋಗುವವರು ನೀಲ್ ದ್ವೀಪಕ್ಕೆ ಸಾಮಾನ್ಯವಾಗಿ ಅರ್ಧ ದಿನ ಇಟ್ಟಿರುತ್ತಾರೆ. ಪಕ್ಕದ ಹ್ಯಾವ್ಲಾಕ್ ದ್ವೀಪದಿಂದ ಬೆಳಗ್ಗೆ ಬರೋದು, ಫೋಟೊ ತೆಗೆಯೋದು, ಮುಂದಿನ ಫೆರಿ ಹತ್ತೋದು. ಗೈಡ್ ಜೊತೆ ಹವಳದ ದಂಡೆಯ ಮೇಲೆ ನಡೆಯಬೇಕು ಅಂತ ಆಸೆ ಇದ್ದರೆ ಅಷ್ಟು ಸಾಲದು. ಒಂದು ರಾತ್ರಿಯಾದರೂ ಅಲ್ಲೇ ಉಳಿಯಿರಿ.

ಹೆಸರುಗಳ ವಿಷಯ ಮೊದಲೇ ಹೇಳಿಬಿಡುತ್ತೇನೆ, ಬುಕಿಂಗ್ ಮಾಡುವಾಗ ಗೊಂದಲ ಆಗುತ್ತದೆ. 2018ರಿಂದ ನೀಲ್ ಅಂದರೆ ಶಹೀದ್ ದ್ವೀಪ, ಹ್ಯಾವ್ಲಾಕ್ ಅಂದರೆ ಸ್ವರಾಜ್ ದ್ವೀಪ. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯ ಪುರಂ ಅಂತ ಹೆಸರು ಬಂತು. ಅಲ್ಲಿಂದ ನೀಲ್‌ಗೆ ಫೆರಿಯಲ್ಲಿ ಸುಮಾರು ಎರಡು ಗಂಟೆ.

ಈಗ ಮುಖ್ಯ ವಿಷಯ. ಲಕ್ಷ್ಮಣಪುರದ ಎರಡನೇ ಬೀಚ್‌ನಲ್ಲಿ ಅಲೆಗಳು ಕೊರೆದು ಮಾಡಿದ ಕಲ್ಲಿನ ಕಮಾನು ಇದೆ. ಊರಲ್ಲಿ ನೆಲೆಸಿದ ಬಂಗಾಳಿಗಳು ಅದನ್ನು ಹೌರಾ ಬ್ರಿಜ್ ಅನ್ನುತ್ತಾರೆ. ಕಡಲು ಇಳಿದಾಗ ಮಾತ್ರ ಅದರ ಸುತ್ತಲಿನ ಹವಳದ ನೆಲ ಬಯಲಾಗುತ್ತದೆ. ಉಬ್ಬರದಲ್ಲಿ ಹೋದವರಿಗೆ ಕಾಣೋದು ಬರೀ ನೀರು. ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಕೆಳಗೆ ಹೋಗುತ್ತದೆ. ಮನೆಯ ಗೋಡೆಯ ಕ್ಯಾಲೆಂಡರ್ ನೋಡಿ ತಾರೀಖು ಆರಿಸಿ, ಆಮೇಲೆ ಪೋರ್ಟ್ ಬ್ಲೇರ್‌ನ ಟೈಡ್ ಟೇಬಲ್ (ಉಬ್ಬರ ಇಳಿತದ ವೇಳಾಪಟ್ಟಿ) ತೆರೆದು ಗಂಟೆ ನೋಡಿ, ಕೊನೆಗೆ ಫೆರಿ ಟಿಕೆಟ್ ತೆಗೆಯಿರಿ. ನಾವು ಅಮಾವಾಸ್ಯೆಗೆ ಎರಡು ದಿನ ಮುಂಚೆ ಹೋಗಿದ್ದೆವು. ನೀರು ಪೂರ್ತಿ ಇಳಿದದ್ದು ಮಧ್ಯಾಹ್ನ ಎರಡರ ಸುಮಾರಿಗೆ. ಅದಕ್ಕಿಂತ ಗಂಟೆ ಮುಂಚೆಯೇ ಕೆಳಗಿಳಿದರೆ ಒಳ್ಳೆಯದು. ನೀರು ವಾಪಸ್ ಏರಲು ಶುರುವಾದ ಮೇಲೆ ಗೈಡ್ ಹೊರಡೋಣ ಅಂದರೆ ಎದುರು ಮಾತಾಡಬೇಡಿ.

ಗೈಡ್‌ಗಳು ಊರಿನ ಹುಡುಗರೇ, ಬೀಚಿಗೆ ಇಳಿಯುವ ದಾರಿಯಲ್ಲಿ ಸಿಗುತ್ತಾರೆ. ಹಿಂದಿ ಬಂದರೆ ಸಾಕು. ದುಡ್ಡು ಎಷ್ಟು, ಎಷ್ಟು ಹೊತ್ತು ಅಂತ ಮೊದಲೇ ಮಾತಾಡಿಕೊಳ್ಳಿ. ಇಲ್ಲಿ ಗೈಡ್ ಬೇಕೇ ಬೇಕು ಅಂತ ನಾನು ಒತ್ತಿ ಹೇಳುತ್ತೇನೆ. ಸತ್ತ ಹವಳ ಯಾವುದು, ಜೀವ ಇರೋದು ಯಾವುದು ಅಂತ ಹೊಸಬರಿಗೆ ಗೊತ್ತಾಗುವುದಿಲ್ಲ. ಗೈಡ್‌ಗಳು ಮರಳು, ಗಟ್ಟಿ ಕಲ್ಲು ನೋಡಿ ಹೆಜ್ಜೆ ಇಡುತ್ತಾರೆ, ನೀವು ಅದೇ ಜಾಗದಲ್ಲಿ ಕಾಲಿಡಬೇಕು. 2010ರಲ್ಲಿ ನೀರು ಬಿಸಿಯಾಗಿ ಅಂಡಮಾನಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳುಚಿಹೋಗಿತ್ತು. ಉಳಿದದ್ದು, ಮತ್ತೆ ಚಿಗುರಿದ್ದು ನಮ್ಮ ಚಪ್ಪಲಿ ಕೆಳಗೆ ಪುಡಿಯಾಗಬಾರದು ಅಲ್ವಾ?

ಮೊಣಕಾಲಷ್ಟು ಆಳದ ನೀರಿನ ಒಂದು ಗುಂಡಿಯ ಹತ್ತಿರ ನಮ್ಮ ಗೈಡ್ ಕೂರಿಸಿದ. ಕಲ್ಲಿನ ಸಂದಿಯಲ್ಲಿ ಒಂದು ಜೈಂಟ್ ಕ್ಲ್ಯಾಮ್. ನಮ್ಮ ಕರಾವಳಿಯ ಮರುವಾಯಿಯ ದೂರದ ನೆಂಟ, ಗಾತ್ರ ಮಾತ್ರ ಬೊಗಸೆಗಿಂತ ದೊಡ್ಡದು. ಚಿಪ್ಪಿನ ಅಂಚಿನಲ್ಲಿ ಅಲೆ ಅಲೆಯಾಗಿ ನೀಲಿ, ನೇರಳೆ ಬಣ್ಣದ ಮಾಂಸ. ನನ್ನ ಕೈಯ ನೆರಳು ಬಿದ್ದದ್ದೇ ತಡ, ಅದು ಒಳಕ್ಕೆ ಸೆಳೆದುಕೊಂಡು ಬಾಯಿ ಮುಚ್ಚಿತು. ಕೈ ತೆಗೆದು ಸುಮ್ನೆ ಕೂತೆವು. ಮೆಲ್ಲಗೆ ಮತ್ತೆ ತೆರೆಯಿತು. ಓಡಿ ಓಡಿ ನೋಡುವವರಿಗೆ ಇದು ಸಿಗುವುದಿಲ್ಲ.

ಕೆಲವರು ಸೀ ಕುಕುಂಬರ್ (ಸೌತೆಕಾಯಿಯಂತೆ ಕಾಣುವ ಮೆತ್ತನೆಯ ಕಡಲ ಜೀವಿ) ಎತ್ತಿ ಕೈಗೆ ಕೊಡಲು ಬರುತ್ತಾರೆ. ಬೇಡ ಅನ್ನಿ. ಅದಕ್ಕೂ ಹವಳಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ದಡದಲ್ಲಿ ಬಿದ್ದ ಹವಳದ ತುಂಡನ್ನೂ ಬ್ಯಾಗಿಗೆ ಹಾಕಬೇಡಿ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತೀರಿ.

ಕಾಲಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಬೇಕು. ಹವಾಯಿ ಚಪ್ಪಲಿ ಪಾಚಿ ಮೇಲೆ ಜಾರುತ್ತದೆ, ಬರಿಗಾಲಿಗೆ ಕಲ್ಲು ಕೊಯ್ಯುತ್ತದೆ. ಟೋಪಿ, ನೀರು, ನಗದು ಇಟ್ಟುಕೊಳ್ಳಿ. ಅಲ್ಲಿ ಐದು, ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಸಂಜೆಗೆ ಏನನ್ನೂ ಉಳಿಸಬೇಡಿ.

ಡಿಸೆಂಬರ್‌ನಿಂದ ಏಪ್ರಿಲ್ ಒಳ್ಳೆ ಕಾಲ. ಮಳೆಗಾಲದಲ್ಲಿ ಕಡಲು ಒರಟಾಗಿ ಫೆರಿ ರದ್ದಾಗುತ್ತದೆ, ಹಾಗಾಗಿ ವಾಪಸ್ ವಿಮಾನಕ್ಕೆ ಒಂದು ದಿನ ಮುಂಚೆಯೇ ಪೋರ್ಟ್ ಬ್ಲೇರ್ ಸೇರಿಕೊಳ್ಳಿ. ಮಂಡಿ ನೋವಿರುವ ಅಪ್ಪ ಅಮ್ಮ ಜೊತೆಗಿದ್ದರೆ ಅವರನ್ನು ಈ ಕಲ್ಲುಗಳ ಮೇಲೆ ನಡೆಸಬೇಡಿ. ಜೆಟ್ಟಿ ಪಕ್ಕದ ಭರತ್‌ಪುರ ಬೀಚ್‌ನಲ್ಲಿ ಗಾಜಿನ ತಳದ ದೋಣಿ ಇದೆ, ಕೂತಲ್ಲೇ ಹವಳ ನೋಡಬಹುದು.